ಬಸ್ಸಿನ ಆಂಟಿಯ ಬೆಟ್ಟದ ಲಾಡ್ಜು

ಹೋದ ತಿಂಗಳು ಓಕ್‌ಲ್ಯಾಂಡಿನ ಒಂದು ಚರ್ಚಿನಲ್ಲಿ ಆಂಟಿಯನ್ನು ಬೀಳ್ಕೊಟ್ಟೆವು. ಸಾವಿಗೆ ಹೋಗುವವರು ಹೇಗಿರಬೇಕೋ ಹಾಗೆ ನಾನು ಬಿಳಿ ಸಲ್ವಾರ್ ಹಾಕಿಕೊಂಡು, ಮುಖ ಸಣ್ಣದು ಮಾಡಿಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟರೆ ಹಳದಿ, ನೇರಳೆ, ಕಿತ್ತಳೆ ಬಣ್ಣದ ಹ್ಯಾಟುಗಳು. ಆಂಟಿಯ ಜೊತೆ ಕೆಲಸ ಮಾಡಿದ್ದ ಬಸ್ ಡ್ರೈವರುಗಳೇ ಒಂದು ಸಾಲು ಪೂರ್ತಿ ಕೂತಿದ್ದರು. ಒಬ್ಬೊಬ್ಬರೇ ಎದ್ದು ಆಂಟಿಯ ಒಂದೊಂದು ಕತೆ ಹೇಳಿದರು. ಪ್ರತಿ ಕತೆಗೂ ಇಡೀ ಚರ್ಚು ನಕ್ಕಿತು. ಯಾರಾದರೂ ಮಾತು ಉದ್ದ ಮಾಡಿದರೆ ಮೂಲೆಯಲ್ಲಿದ್ದ ಪಿಯಾನೋದವರು ಮೆಲ್ಲಗೆ ನುಡಿಸಲು ಶುರುಮಾಡುತ್ತಿದ್ದರು. ಸಾಕು, ಇನ್ನು ಕೂತುಕೊಳ್ಳಿ ಎಂದು ಅದರ ಅರ್ಥ. ನನಗೂ ಮಾತಾಡಲು ಹೇಳಿದ್ದರು. ನನ್ನ ಕತೆ ಬೆಟ್ಟದ ಲಾಡ್ಜಿನ ಬಾಗಿಲ ತನಕ ಬರುವಷ್ಟರಲ್ಲಿ ಪಿಯಾನೋ ಶುರುವಾಯಿತು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಮಾತ್ರ ಬರೆಯುವುದಿಲ್ಲ. “ನನ್ನ ಕತೆ ಯಾರಿಗೆ ಬೇಕಾದರೂ ಹೇಳು, ಹೆಸರು ಬೇಡ. ರಿಟೈರಾದ ಮೇಲೆ ಪ್ಯಾಸೆಂಜರ್ ಕಂಪ್ಲೇಂಟು ಬಂದರೆ ನನಗೆ ತಡೆಯೋಕಾಗಲ್ಲ” ಎಂದು ಅವರೇ ಒಮ್ಮೆ ನಕ್ಕಿದ್ದರು. ಓಕ್‌ಲ್ಯಾಂಡಿನ ಬೀದಿಗಳಲ್ಲಿ ಸಿಟಿ ಬಸ್ಸು ಓಡಿಸಿ ನಿವೃತ್ತರಾಗಿ, ಪ್ಲೆಸೆಂಟನ್ನಿನಲ್ಲಿದ್ದ ಮಗಳಿಗೆ ತೀರಾ ಹತ್ತಿರವೂ ಅಲ್ಲ, ದೂರವೂ ಅಲ್ಲ ಎನ್ನುವಂತೆ ಮಿಲ್ಪಿಟಾಸ್‌ನಲ್ಲಿ ಒಂದು ಟೌನ್‌ಹೌಸು ತೆಗೆದುಕೊಂಡಿದ್ದರು. ಅದರ ಪಕ್ಕದ್ದು ನಮ್ಮದು.

ನಾವು ಮೌಂಟನ್ ವ್ಯೂ ಅಪಾರ್ಟ್‌ಮೆಂಟು ಬಿಟ್ಟು ಅಲ್ಲಿಗೆ ಬಂದ ದಿನ ಸಾಮಾನಿನ ಟ್ರಕ್ಕು ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಗಂಡ ಕೀಲಿಕೈ ತರಲು ಹೋಗಿದ್ದ. ಪುಟ್ಟ ಮಗಳು ನಿಧಿ ಹಿಂದಿನ ಸೀಟಿನಲ್ಲಿ ಅಳುತ್ತಿದ್ದಳು. ನಾನು ಕಾರಿನೊಳಗೇ ಕೂತು ಟ್ರಕ್ಕಿನವರ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಆಗ ಎತ್ತರದ, ಬೆಳ್ಳಿಕೂದಲಿನ ಕಪ್ಪು ಹೆಂಗಸೊಬ್ಬರು ಸೀದಾ ಬಂದು ನನ್ನ ಕಾರಿನ ಬಾಗಿಲು ತೆಗೆದರು. “ಇಳಿಯಮ್ಮ, ಮನೆ ಬಂತು. ಮಿಕ್ಕಿದ್ದೆಲ್ಲ ಆಮೇಲೆ,” ಎಂದರು. ಈ ದೇಶದಲ್ಲಿ ಅಪರಿಚಿತರ ಕಾರಿನ ಬಾಗಿಲನ್ನು ಯಾರೂ ಮುಟ್ಟುವುದಿಲ್ಲ. ನಾನು ಬೆಪ್ಪಾಗಿ ಇಳಿದೆ. ಐದು ನಿಮಿಷದಲ್ಲಿ ನಿಧಿ ಅವರ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು.

ನಾನು ಅಭ್ಯಾಸಬಲದಿಂದ “ಥ್ಯಾಂಕ್ಸ್ ಆಂಟಿ” ಎಂದುಬಿಟ್ಟೆ. ಅವರು ತಿರುಗಿ ನೋಡಿದರು. “ನೀವೂ ಕಂಡವರನ್ನೆಲ್ಲ ಆಂಟಿ ಅಂತೀರಾ? ನಮ್ಮಲ್ಲೂ ಹಾಗೇ. ದೊಡ್ಡವರನ್ನ ಹೆಸರು ಹಿಡಿದು ಕರೆದರೆ ಬೆನ್ನಿಗೆ ಬೀಳ್ತಿತ್ತು.” ಅಂದಿನಿಂದ ಅವರು ಆಂಟಿ.

ಬಸ್ಸು ಬಿಟ್ಟರೂ ಬಸ್ಸು ಅವರನ್ನು ಬಿಟ್ಟಿರಲಿಲ್ಲ. ನನ್ನ ಕಾರಿನಲ್ಲಿ ಕೂತರೆ ಫ್ರೀವೇಯಲ್ಲಿ ಬರುವ ಎಕ್ಸಿಟ್ಟುಗಳನ್ನೆಲ್ಲ ಗಟ್ಟಿಯಾಗಿ ಕೂಗುತ್ತಿದ್ದರು. ನಾನು ಜೋರಾಗಿ ಬ್ರೇಕು ಹಾಕಿದರೆ, “ಹಿಂದೆ ಮುದುಕಿ ನಿಂತಿದ್ದಾಳೆ ಅಂತ ತಿಳಕೊಂಡು ಓಡಿಸು,” ಎನ್ನುವರು. ಅವರ ಒಂದು ಮಾತು ನಮ್ಮ ಮನೆಯಲ್ಲಿ ಈಗಲೂ ಓಡಾಡುತ್ತಿದೆ: “ಓಡಿ ಬರ್ತಿರೋರನ್ನ ಕನ್ನಡಿಯಲ್ಲಿ ನೋಡಿಯೂ ಬಸ್ಸು ಬಿಟ್ಟೆ ಅಂದ್ರೆ ಅವತ್ತಿನ ಊಟ ರುಚಿಸಲ್ಲ.” ಆಫೀಸಿನ ಮೀಟಿಂಗಿಗೆ ಯಾರಾದರೂ ತಡವಾಗಿ ಬಂದು ಬಾಗಿಲಲ್ಲಿ ಹಿಂಜರಿದರೆ ನನಗೆ ಈ ಮಾತು ನೆನಪಾಗುತ್ತದೆ, ಕುರ್ಚಿ ಸರಿಸಿ ಜಾಗ ಮಾಡುತ್ತೇನೆ.

ಹುಬ್ಬಳ್ಳಿಯಿಂದ ಅವ್ವ ಬಂದು ನಮ್ಮ ಜೊತೆ ಇರತೊಡಗಿದ ಮೇಲೆ ಆಂಟಿ ನನ್ನ ಗೆಳತಿಯಾಗಿ ಉಳಿಯಲಿಲ್ಲ, ಅವ್ವನ ಗೆಳತಿಯಾದರು. ಅವ್ವನಿಗೆ ಇಂಗ್ಲಿಷ್ ಬಾರದು. ಆಂಟಿಗೆ ಕನ್ನಡ ಬಾರದು. ಇಬ್ಬರೂ ಅದನ್ನು ಒಂದು ಅಡ್ಡಿ ಎಂದು ತಿಳಿಯಲೇ ಇಲ್ಲ. “ಬರ್ರಿ ಅಕ್ಕಾರ, ಕುಂದರ್ರಿ, ಚಾ ಆತೇನ್ರಿ?” ಎಂದು ಅವ್ವ ಶುರುಮಾಡಿದರೆ ಆಂಟಿ ತಮ್ಮ ಮೊಣಕಾಲು ನೋವಿನ ವರದಿ ಕೊಡುತ್ತಿದ್ದರು. ಅದಕ್ಕೆ ಅವ್ವ ತನ್ನ ಸೊಂಟದ ಕತೆ ಹೇಳುವಳು. ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಆಂಟಿ ಹಿಂದಿನ ಬಾಗಿಲಿನಿಂದ ಬಂದು ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಶೇಂಗಾ ಚಟ್ನಿಯನ್ನಂತೂ ಚಮಚದಲ್ಲೇ ತಿನ್ನುವರು. ಮುಖ್ಯವಾದ ಮಾತು ಬಂದಾಗ ಮಾತ್ರ ನನ್ನನ್ನು ಕರೆದು ಅನುವಾದ ಮಾಡಿಸುತ್ತಿದ್ದರು. ಹೀಗಾಗಿ ಆಂಟಿ ಇಂಗ್ಲಿಷಿನಲ್ಲಿ ಹೇಳಿದ್ದೆಲ್ಲ ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದಿದೆ.

ಲಾಡ್ಜಿನ ವಿಷಯ ಬಂದದ್ದೂ ಅಂಥದೇ ಒಂದು ಮಧ್ಯಾಹ್ನ. ಬೇಸಿಗೆ ರಜಕ್ಕೆ ಟಾಹೋ ಸರೋವರಕ್ಕೆ ಹೋಗಬೇಕೆಂದು ನಾನು ಲ್ಯಾಪ್‌ಟಾಪಿನಲ್ಲಿ ಹೋಟೆಲು ಹುಡುಕುತ್ತಿದ್ದೆ. ಒಂದರಲ್ಲಿ ಈಜುಕೊಳ ಚೆನ್ನಾಗಿಲ್ಲ, ಇನ್ನೊಂದರಲ್ಲಿ ತಿಂಡಿ ಕೊಡುವುದಿಲ್ಲ ಎಂದು ಗೊಣಗುತ್ತಿದ್ದೆ. ಆಂಟಿ ರೊಟ್ಟಿ ಮುರಿಯುತ್ತಾ ನೋಡುತ್ತಿದ್ದರು.

“ನಮ್ಮಪ್ಪ ರಜಕ್ಕೆ ಹೊರಟಾಗ ಹೋಟೆಲಿನ ಬಗ್ಗೆ ಒಂದೇ ಪ್ರಶ್ನೆ ಇತ್ತು. ಒಳಗೆ ಬಿಡ್ತಾರಾ, ಇಲ್ವಾ?”

“ಕ್ಯಾಲಿಫೋರ್ನಿಯಾದಲ್ಲೂನಾ?” ಎಂದೆ.

“ಬಿಳಿಯರಿಗೆ ಮಾತ್ರ ಅಂತ ಇಲ್ಲಿ ಬೋರ್ಡು ಹಾಕ್ತಿರಲಿಲ್ಲ, ಅಷ್ಟೇ. ಹೊರಗೆ ರೂಮು ಖಾಲಿ ಇದೆ ಅಂತ ದೀಪ ಉರೀತಿರ್ತಿತ್ತು. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಕೊಂಡು ಒಳಗೆ ಹೋಗೋರು. ಈಗ ತಾನೇ ಕೊನೇ ರೂಮು ಹೋಯ್ತು ಅನ್ನೋರು. ಅಪ್ಪ ಕಾರಿಗೆ ವಾಪಸ್ ಬರ್ತಿದ್ದರು. ದೀಪ ಹಾಗೇ ಉರೀತಿರ್ತಿತ್ತು.”

ಹಾಗಾಗಿ ಅವರ ಮನೆಯವರು ಹೋಗುತ್ತಿದ್ದದ್ದು ಒಂದೇ ಕಡೆಗೆ. ಸಿಯೆರಾ ಬೆಟ್ಟಗಳ ನಡುವೆ, ಪೈನ್ ಮರಗಳ ಕೆಳಗೆ, ಅವರ ದೊಡ್ಡಮ್ಮನದೇ ಒಂದು ಲಾಡ್ಜು ಇತ್ತು. ಕಪ್ಪು ಜನರಿಗಾಗಿ ಕಪ್ಪು ಜನರೇ ನಡೆಸುತ್ತಿದ್ದ ಲಾಡ್ಜು.

ನಾನು ಇಷ್ಟನ್ನು ಅನುವಾದಿಸುತ್ತಲೇ ಅವ್ವ ಮುಖ ಕಿವಿಚಿದಳು. “ಲಾಡ್ಜ ಅಂದ್ರ? ನಮ್ಮ ಬಸ್ ಸ್ಟ್ಯಾಂಡ್ ಮುಂದ ಐತಲ್ಲ, ಅಂಥಾದ್ದ? ಇಂಥಾ ಮನಿತನದ ಹೆಣಮಗಳು ಲಾಡ್ಜ ನಡಸ್ತಿದ್ಲಾ?”

ಅದನ್ನು ಆಂಟಿಗೆ ಹೇಳಲೇಬೇಕಾಯಿತು. ಅವರು ನಕ್ಕ ನಗೆಗೆ ರೊಟ್ಟಿಯ ತುಂಡು ನೆತ್ತಿಗೇರಿ ನೀರು ಕುಡಿಸಬೇಕಾಯಿತು. “ಇಲ್ಲ ಸಿಸ್ಟರ್, ಇಲ್ಲ,” ಎಂದು ಕೈಯಲ್ಲೇ ಮನೆ ಕಟ್ಟಿ ತೋರಿಸಿದರು. ನಡುವೆ ಕಲ್ಲಿನ ಒಲೆಯಿದ್ದ ಮರದ ದೊಡ್ಡ ಮನೆ. ಮುಂದೆ ಉದ್ದ ಜಗಲಿ. ಹಿಂದೆ ಸಾಲಾಗಿ ಸಣ್ಣ ಸಣ್ಣ ಕ್ಯಾಬಿನ್ನುಗಳು. ಕಟ್ಟಿದ್ದು ದೊಡ್ಡಪ್ಪ, ನಡೆಸಿದ್ದು ದೊಡ್ಡಮ್ಮ.

ಹಡಗುಕಟ್ಟೆಯ ಕೆಲಸಗಾರರು, ನರ್ಸುಗಳು, ಶಾಲೆಯ ಟೀಚರುಗಳು, ಹೊಸದಾಗಿ ಮದುವೆಯಾದವರು ಎಲ್ಲರೂ ಬರುತ್ತಿದ್ದರಂತೆ. ದಾರಿಯ ಹೋಟೆಲುಗಳಲ್ಲಿ ಊಟ ಸಿಗುವ ನೆಚ್ಚಿಕೆಯಿಲ್ಲದೆ ಕರಿದ ಕೋಳಿ, ಬ್ರೆಡ್ಡು ಕಟ್ಟಿಕೊಂಡು, ಮಕ್ಕಳಿಗೆ ಬಯಲಲ್ಲೇ ಒಂದಕ್ಕೆ ಹೋಗಲು ಹೇಳಿ, ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲದೆ ಬೆಟ್ಟ ಹತ್ತಿ ಬರುವರು. ಬಂದವರು ಲಾಡ್ಜಿನ ಮುಂದೆ ಕಾರು ನಿಲ್ಲಿಸಿ ಸುಮ್ಮನೆ ಒಳಗೇ ಕೂತಿರುತ್ತಿದ್ದರು. ದಾರಿಯುದ್ದಕ್ಕೂ ಬೇಡ ಎನ್ನಿಸಿಕೊಂಡ ಅಭ್ಯಾಸ. ಇಳಿಯಬಹುದೋ ಬಾರದೋ ಎಂಬ ಅಂಜಿಕೆ. ದೊಡ್ಡಮ್ಮ ಕೈಯೊರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದು ತಾನೇ ಕಾರಿನ ಬಾಗಿಲು ತೆಗೆಯುವಳು. “ಇಳೀರಿ, ಮನೆ ಬಂತು. ಮಿಕ್ಕಿದ್ದೆಲ್ಲ ಆಮೇಲೆ.”

ನಾನು ಅನುವಾದ ನಿಲ್ಲಿಸಿಬಿಟ್ಟೆ. ಆಂಟಿ ನನ್ನನ್ನೇ ನೋಡಿ ಮುಗುಳ್ನಕ್ಕರು. “ನಿನ್ನ ಮುಖವೂ ಅವತ್ತು ಹಾಗೇ ಇತ್ತು,” ಎಂದರು.

ಆಮೇಲೆ ಎಷ್ಟೋ ಮಧ್ಯಾಹ್ನ ಆ ಲಾಡ್ಜಿನ ಕತೆಗಳೇ. ರೈಲಿನಲ್ಲಿ ಶ್ರೀಮಂತರ ಹಾಸಿಗೆ ಹಾಸುವುದೇ ಕೆಲಸವಾಗಿದ್ದ ಒಬ್ಬರು ಪ್ರತಿ ವರ್ಷ ಬಂದು, ಬಿಸಿಲೇರುವ ತನಕ ಮಲಗಿದ್ದು, “ಮಗೂ, ಇನ್ನೊಂದು ದಿಂಬು!” ಎಂದು ಕೂಗುತ್ತಿದ್ದರಂತೆ. ದಿಂಬು ಬೇಕಾಗಿರಲಿಲ್ಲ, ಕೇಳುವ ಸುಖಕ್ಕೆ ಕೇಳುತ್ತಿದ್ದರು. ದಿಂಬು ಹೊತ್ತು ಓಡುತ್ತಿದ್ದ ಮಗು ನಮ್ಮ ಆಂಟಿ. ಬೇಸಿಗೆ ಪೂರ್ತಿ ಅಲ್ಲಿ ಅವರದು ಕಸ ಗುಡಿಸುವ, ನಿಂಬೆ ಪಾನಕ ಹಂಚುವ ಕೆಲಸ. ಬಂದವರಿಗೆ ಮೊದಲ ಒಂದು ಗಂಟೆ ಏನೂ ಕೇಳಕೂಡದೆಂದು ದೊಡ್ಡಮ್ಮನ ಕಟ್ಟಪ್ಪಣೆ: ಊರು ಕೇಳಬೇಡ, ಕೆಲಸ ಕೇಳಬೇಡ, ಪಾನಕ ಕೊಟ್ಟು ಸುಮ್ಮನಿರು.

“ಮತ್ತ ಆ ಲಾಡ್ಜ ಯಾಕ ಮುಚ್ಚಿದ್ರು?” ಎಂದು ಅವ್ವ ನನ್ನಿಂದ ಕೇಳಿಸಿದಳು.

ಬಣ್ಣ ನೋಡಿ ಹೋಟೆಲಿನ ಬಾಗಿಲು ಹಾಕುವಂತಿಲ್ಲ ಎಂದು ದೇಶಕ್ಕೆಲ್ಲ ಕಾನೂನು ಬಂತು. ರೇಡಿಯೋದಲ್ಲಿ ಸುದ್ದಿ ಕೇಳಿ ದೊಡ್ಡಮ್ಮ ಅಡುಗೆಮನೆಯಲ್ಲಿ ದೊಡ್ಡಪ್ಪನ ಕೈ ಹಿಡಿದು ಕುಣಿದಳಂತೆ. ಆಮೇಲಿನ ಬೇಸಿಗೆಗಳಲ್ಲಿ ಕಾರುಗಳು ಕಡಿಮೆಯಾದವು. ಜನ ಸರೋವರದ ದಂಡೆಯ ದೊಡ್ಡ ಹೋಟೆಲುಗಳಿಗೆ ಹೋಗತೊಡಗಿದರು, ಯಾಕೆ ಹೋಗಬಾರದು? “ಅವರು ಬರದಿದ್ದರೆ ಒಳ್ಳೇದೇ. ಬೇರೆ ಕಡೆ ಬಾಗಿಲು ತೆಗೆದಿದಾರೆ ಅಂತ ಅರ್ಥ,” ಎನ್ನುತ್ತಿದ್ದಳು ದೊಡ್ಡಮ್ಮ. ಹಾಗೆಂದವಳು ಪ್ರತಿ ಶುಕ್ರವಾರ ಎಲ್ಲ ಹಾಸಿಗೆಗಳಿಗೂ ಒಗೆದ ಹೊದಿಕೆ ಹಾಸುವುದನ್ನು ಮಾತ್ರ ಬಿಡಲಿಲ್ಲ. ಅವಳು ತೀರಿಕೊಂಡ ಮೇಲೆ ಲಾಡ್ಜು ಕೈಬದಲಾಯಿತು. ಆಂಟಿ ಮತ್ತೆ ಅತ್ತ ಹೋಗಿರಲಿಲ್ಲ.

“ಹೋಗೂಣ ನಡೀರಿ,” ಎಂದಳು ಅವ್ವ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟಷ್ಟು ಸಲೀಸಾಗಿ.

ಒಂದು ಶನಿವಾರ ನಾನು, ಅವ್ವ, ಆಂಟಿ ಹೊರಟೆವು. ದಾರಿಯಿಡೀ ಆಂಟಿಗೆ ಉತ್ಸಾಹವೋ ಉತ್ಸಾಹ. ಆದರೆ ಲಾಡ್ಜಿನ ಗೇಟಿನ ಮುಂದೆ ಕಾರು ನಿಂತಾಗ ಅಲ್ಲೊಂದು ನೋಟಿಸು ಅಂಟಿಸಿತ್ತು. ಕಟ್ಟಡಗಳನ್ನೆಲ್ಲ ಕೆಡವಿ ಹೊಸ ರೆಸಾರ್ಟು ಕಟ್ಟಲು ಮಾಲೀಕರು ಕೌಂಟಿ ಆಡಳಿತದ ಅನುಮತಿ ಕೇಳಿದ್ದಾರೆ, ಆಕ್ಷೇಪಣೆ ಇದ್ದವರು ಸಭೆಗೆ ಬಂದು ಹೇಳಬಹುದು ಎಂದಿತ್ತು. ಆಂಟಿ ಕಿಟಕಿಯಿಂದಲೇ ಓದಿದರು. ಗಾಜು ಏರಿಸಿಕೊಂಡರು. “ನೋಡಿದ್ದಾಯ್ತು, ವಾಪಸ್ ಹೋಗೋಣ,” ಎಂದರು. ತಮಾಷೆಯಿಲ್ಲದ ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಕಾರು ತಿರುಗಿಸಲು ಕನ್ನಡಿ ನೋಡಿದೆ. ಅವ್ವ ಹಿಂದಿನ ಸೀಟಿನಿಂದ ಇಳಿದಳು. ಸೆರಗು ಸರಿಪಡಿಸಿಕೊಂಡು, ಕಾರು ಸುತ್ತಿ ಬಂದು, ಆಂಟಿಯ ಬಾಗಿಲು ತೆಗೆದಳು.

“ಇಳೀರಿ ಅಕ್ಕಾರ. ಮನಿ ಬಂತು.”

ಅದನ್ನು ನಾನು ಅನುವಾದಿಸಬೇಕಾಗಲಿಲ್ಲ. ಆಂಟಿ ಅವ್ವನ ಕೈ ಹಿಡಿದು ಇಳಿದರು. ಗೇಟಿಗೆ ಬೀಗವಿರಲಿಲ್ಲ, ಬರೀ ಮುಂದೆ ಮಾಡಿತ್ತು. ಜಗಲಿಯ ಒಂದು ತುದಿ ಕುಸಿದಿತ್ತು, ಕ್ಯಾಬಿನ್ನುಗಳ ಚಾವಣಿಯ ಮೇಲೆ ಹುಲ್ಲು ಬೆಳೆದಿತ್ತು. ಕಿಟಕಿಗೆ ಮುಖವಿಟ್ಟು ನೋಡಿದರೆ ಕಲ್ಲಿನ ಒಲೆ ಮಾತ್ರ ನೆಟ್ಟಗೆ ನಿಂತಿತ್ತು. ಆಂಟಿ ಮನೆಯನ್ನು ಒಂದು ಸುತ್ತು ಹಾಕಿ ಬಂದು ಜಗಲಿಯ ಗಟ್ಟಿ ಭಾಗದಲ್ಲಿ ಕೂತು ಬಹಳ ಹೊತ್ತು ಅತ್ತರು. ಅವ್ವ ಬೆನ್ನು ಸವರುತ್ತಾ ಕೂತಳು. ಆಮೇಲೆ ಆಂಟಿ ಮೂಗೊರೆಸಿಕೊಂಡು ನನ್ನ ಕಡೆ ತಿರುಗಿದರು. “ಆ ಸಭೆ ಯಾವಾಗ ಅಂತ ಬರೆದಿದೆ, ನೋಡು.”

ಸಭೆಗೆ ಒಂದು ಬಸ್ಸನ್ನೇ ಬಾಡಿಗೆಗೆ ಹಿಡಿದೆವು. ಆಂಟಿಯ ಚರ್ಚಿನವರು, ನಿವೃತ್ತ ಡ್ರೈವರುಗಳು, ಲಾಡ್ಜಿಗೆ ಚಿಕ್ಕಂದಿನಲ್ಲಿ ಹೋಗಿದ್ದ ನಾಲ್ಕಾರು ಹಿರಿಯರು. ಅವರ ಜೊತೆಗೆ ಅವ್ವ ಫೋನು ಮಾಡಿ ಹೊರಡಿಸಿದ ಮಿಲ್ಪಿಟಾಸ್‌ನ ಕನ್ನಡದವರೂ ಇದ್ದರು. “ನೀವು ಏನೂ ಮಾತಾಡಬ್ಯಾಡ್ರಿ. ಬಂದು ಕುಂದರ್ರಿ ಅಷ್ಟ. ಮಂದಿ ಕಾಣಬೇಕು,” ಎಂದು ಎಲ್ಲರಿಗೂ ಹೇಳಿದ್ದಳು. ಎಲ್ಲರಿಗೂ ಸಾಕಾಗುವಷ್ಟು ಚಪಾತಿ, ಬದನೆಕಾಯಿ ಪಲ್ಯ ಕಟ್ಟಿಕೊಂಡಿದ್ದಳು. ಆಂಟಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು ಅವನಿಗೆ ಪ್ರತಿ ತಿರುವಿನಲ್ಲೂ ಪಾಠ ಹೇಳಿದರು. ಊರು ಸಮೀಪಿಸಿದಾಗ ಮಾತ್ರ ಸುಮ್ಮನಾಗಿ ನನ್ನನ್ನು ಕರೆದರು.

“ಮೈಕಿನ ಮುಂದೆ ನನಗೆ ಬಾಯಿ ಬರಲ್ಲ ಕಣೇ.”

“ಬಸ್ಸಿನಲ್ಲಿ ಇಡೀ ದಿನ ಮೈಕಿನಲ್ಲೇ ಮಾತಾಡಿದ್ದೀರಲ್ಲ?”

“ಅಲ್ಲಿ ಎಲ್ಲರೂ ಬೆನ್ನ ಹಿಂದೆ ಇರೋರು. ಯಾರ ಮುಖವೂ ಕಾಣ್ತಿರಲಿಲ್ಲ.”

“ಇಲ್ಲೂ ನಾವೆಲ್ಲ ನಿಮ್ಮ ಬೆನ್ನ ಹಿಂದೆಯೇ ಕೂತಿರ್ತೀವಿ ಆಂಟಿ,” ಎಂದೆ. ಅವರಿಗೆ ಅದು ಹಿಡಿಸಿತು.

ಸಭೆಯಲ್ಲಿ ಮಾಲೀಕರು ಮೊದಲು ಮಾತಾಡಿದರು. ಕೆಟ್ಟ ಮನುಷ್ಯರಲ್ಲ; ಮನೆ ಕಟ್ಟಿಸುವ ಕಂಟ್ರಾಕ್ಟರು. ಗೆದ್ದಲು ಹಿಡಿದ ಹಳೆಯ ಮನೆ, ಬಿದ್ದರೆ ಅಪಾಯ ಎಂದರು. ಬಳಿಕ ಆಂಟಿ ಮೈಕಿನ ಮುಂದೆ ನಿಂತು ದೊಡ್ಡಮ್ಮನ ಕತೆ ಹೇಳಿದರು. ಮೊದಲು ಒಂದೆರಡು ಸಲ ತಿರುಗಿ ನಮ್ಮ ಸಾಲನ್ನು ನೋಡಿದರು, ಆಮೇಲೆ ನೋಡಲಿಲ್ಲ. ವೇದಿಕೆಯ ಮೇಲೆ ಕೂತ ಕೌಂಟಿಯವರಲ್ಲಿ ಒಬ್ಬರು ಕನ್ನಡಕ ಸರಿಮಾಡಿಕೊಂಡು ವಿನಯದಿಂದಲೇ ಕೇಳಿದರು: “ನಿಮ್ಮ ಭಾವನೆ ಅರ್ಥವಾಗುತ್ತದೆ. ಆದರೆ ಒಂದು ಜಾಗವನ್ನು ಉಳಿಸಬೇಕಾದರೆ ಅಲ್ಲಿ ಏನಾದರೂ ಮುಖ್ಯವಾದದ್ದು ನಡೆದಿರಬೇಕಲ್ಲ? ಇಲ್ಲಿ ಏನು ನಡೆಯಿತು?”

ಆಂಟಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

“ಏನೂ ನಡೀಲಿಲ್ಲ ಸಾರ್,” ಎಂದರು. “ಜನ ಬಂದರು, ಉಂಡರು, ಮಲಗಿದರು, ಮನೆಗೆ ಹೋದರು. ಯಾರೂ ಅವರನ್ನ ಬೈಯಲಿಲ್ಲ, ಅಟ್ಟಲಿಲ್ಲ, ಯಾರ ಮೈಮೇಲೂ ಕೈ ಬೀಳಲಿಲ್ಲ. ಆ ಕಾಲದಲ್ಲಿ ನಮಗೆ ಏನೂ ಆಗದೇ ಇರೋ ಜಾಗ ಎಷ್ಟಿದ್ದವು ಅಂತ ನೀವೇ ಹೇಳಿ. ಏನೂ ಆಗದಿರಲಿ ಅಂತಲೇ ಜನ ಅಷ್ಟು ದೂರ ಬೆಟ್ಟ ಹತ್ತಿ ಬರ್ತಿದ್ದರು.”

ಪ್ರಶ್ನೆ ಕೇಳಿದವರು ಪೆನ್ನು ಕೆಳಗಿಟ್ಟರು. ನಮ್ಮ ಸಾಲಿನಲ್ಲಿ ಒಬ್ಬ ಡ್ರೈವರು “ಹೇಳು, ಹೇಳು!” ಎಂದು ಗಟ್ಟಿಯಾಗಿ ಕೂಗಿದರು. ಅವ್ವ ನನ್ನ ತೋಳು ಚಿವುಟಿದಳು. “ಏನಂದ್ರು? ಲಗೂನ ಹೇಳ.” ನಾನು ಕಣ್ಣೊರೆಸಿಕೊಳ್ಳಲು ಬ್ಯಾಗಿನಲ್ಲಿ ಕರವಸ್ತ್ರ ಹುಡುಕುತ್ತಿದ್ದೆ. ಪಕ್ಕದಲ್ಲಿದ್ದ ನಿಧಿಯೇ ಅಜ್ಜಿಯ ಕಿವಿಯಲ್ಲಿ ತನ್ನ ಹರಕುಮುರುಕು ಕನ್ನಡದಲ್ಲಿ ಹೇಳಿದಳು. ಅಷ್ಟು ಉದ್ದ ಕನ್ನಡ ಅವಳ ಬಾಯಿಂದ ಅದುವರೆಗೆ ಬಂದಿರಲಿಲ್ಲ.

ತೀರ್ಮಾನ ಬರಲು ಇನ್ನೂ ಒಂದು ಸಭೆ ಹಿಡಿಯಿತು. ದೊಡ್ಡ ಮನೆ ಉಳಿಯಬೇಕು, ಹಿಂದಿನ ಕ್ಯಾಬಿನ್ನುಗಳನ್ನು ಕೆಡವಬಹುದು ಎಂದಾಯಿತು. ನಾನು ಬೇಸರ ಪಟ್ಟುಕೊಂಡೆ. ಆಂಟಿ ಪಡಲಿಲ್ಲ. “ಕೆಡವಲಿ ಬಿಡು. ಮಳೆ ಬಂದರೆ ಸೋರೋವು. ದೊಡ್ಡಮ್ಮನೇ ಅವನ್ನ ಬೈಕೊಂಡು ಸತ್ತಳು,” ಎಂದರು.

ಮಾಲೀಕರು ಸಭೆಯ ಹೊರಗೆ ಆಂಟಿಯ ಹತ್ತಿರ ಬಂದು ಕೈ ಕಟ್ಟಿಕೊಂಡು ನಿಂತರು. “ನನಗೆ ಗೊತ್ತಿರಲಿಲ್ಲ ಮೇಡಂ. ಬೇಟೆಗಾರರ ಮನೆ ಅಂತ ಹೇಳಿ ಮಾರಿದರು.”

“ಬೇಟೆಗಾರರಾ! ನಮ್ಮ ದೊಡ್ಡಮ್ಮ ಇಲಿ ಕಂಡರೆ ಕುರ್ಚಿ ಹತ್ತೋಳು.”

ಅವರೂ ನಕ್ಕರು. ಅಲ್ಲಿಂದ ಮುಂದೆ ಒಲೆ ಹೇಗಿತ್ತು, ಬಾಗಿಲಿಗೆ ಯಾವ ಬಣ್ಣವಿತ್ತು ಎಂದು ಕೇಳಲು ಆಗಾಗ ಆಂಟಿಗೆ ಫೋನು ಮಾಡುತ್ತಿದ್ದರು. ಜಗಲಿಯನ್ನು ಸರಿಪಡಿಸಿ, ದೊಡ್ಡಮ್ಮನ ಹೆಸರಿನ ಫಲಕ ಹಾಕಿಸಿ, ಬೇಸಿಗೆಯ ಒಂದು ಭಾನುವಾರ ಎಲ್ಲರನ್ನೂ ಕರೆದರು.

ಆ ಭಾನುವಾರವನ್ನು ನಾನು ಮರೆಯಲಾರೆ. ಹಳೆಯ ಅತಿಥಿಗಳ ಮಕ್ಕಳು, ಮೊಮ್ಮಕ್ಕಳು ದೂರದೂರದಿಂದ ಬಂದಿದ್ದರು. ಒಂದು ಕಡೆ ಮಾಂಸ ಸುಡುವ ಹೊಗೆ, ಇನ್ನೊಂದು ಕಡೆ ಅವ್ವನ ಗೆಳತಿಯರ ಪುಳಿಯೋಗರೆ. ಆಂಟಿ ಬೆಳಿಗ್ಗೆ ಒಂದಿಷ್ಟು ಹೊತ್ತು ಎಲ್ಲರ ಕೈ ಕುಲುಕಿದರು, ಫೋಟೋ ತೆಗೆಸಿಕೊಂಡರು. ಆಮೇಲೆ ಎಲ್ಲಿ ಹೋದರೋ ಕಾಣಲಿಲ್ಲ. ಹುಡುಕಿಕೊಂಡು ಮನೆಯ ಹಿಂದಿನ ಇಳಿಜಾರಿಗೆ ಹೋದರೆ, ಹಳ್ಳದ ದಂಡೆಯಲ್ಲಿ ನಿಧಿಯ ಜೊತೆ ನಿಂತಿದ್ದರು. ಬಂಡೆಗಳ ನಡುವೆ ನೀರು ತಡೆದು ಒಂದು ಸಣ್ಣ ಮಡುವಾಗಿತ್ತು.

“ನಾನು ಈಜು ಕಲಿತದ್ದು ಇಲ್ಲೇ,” ಎಂದು ನಿಧಿಗೆ ಹೇಳುತ್ತಿದ್ದರು. “ನಮ್ಮೂರಲ್ಲಿ ಈಜುಕೊಳ ಇತ್ತು. ಆದರೆ ನಮ್ಮನ್ನ ಬಿಡ್ತಿದ್ದದ್ದು ನೀರು ಬದಲಾಯಿಸೋ ಹಿಂದಿನ ದಿನ ಮಾತ್ರ. ನಾವು ಇಳಿದ ಮೇಲೆ ನೀರೆಲ್ಲ ಖಾಲಿ ಮಾಡಿ, ತೊಳೆದು, ಹೊಸ ನೀರು ತುಂಬೋರು.”

ವಾರವಾರ ಈಜು ಕ್ಲಾಸಿಗೆ ಹೋಗುವ ನಿಧಿ ಹುಬ್ಬು ಗಂಟಿಕ್ಕಿದಳು. “ಬಟ್ ವೈ?”

ಆಂಟಿ ಅವಳ ಮುಖವನ್ನು ನೋಡಿದರು. ದೊಡ್ಡ ಉತ್ತರಕ್ಕೆ ಬಾಯಿ ತೆರೆದವರು ಮನಸ್ಸು ಬದಲಾಯಿಸಿದಂತೆ ಕಂಡಿತು.

“ಪೆದ್ದರು, ಅದಕ್ಕೆ,” ಎಂದವರೇ ಚಪ್ಪಲಿ ಬಿಟ್ಟು, ಹೂವಿನ ಚಿತ್ತಾರದ ಫ್ರಾಕಿನಲ್ಲೇ ನೀರಿಗಿಳಿದರು. ನಿಧಿ ಕಿರುಚಿಕೊಂಡು ಅವರ ಹಿಂದೆಯೇ ನೀರಿಗೆ ಹಾರಿದಳು. ಆಂಟಿ ಮಡುವಿನ ನಡುವೆ ಹೋಗಿ, ಮೊಣಕಾಲು ನೋವನ್ನೆಲ್ಲ ನೀರಿಗೆ ಒಪ್ಪಿಸಿ, ಅಂಗಾತ ತೇಲಿದರು. ಬೆಳ್ಳಿಕೂದಲು ಸುತ್ತ ಹರಡಿಕೊಂಡಿತು. ಕೂಗಾಟ ಕೇಳಿ ಬಂದ ಬೇರೆ ಮಕ್ಕಳೂ ಒಬ್ಬರ ಹಿಂದೊಬ್ಬರು ಧುಮುಕಿದರು. ನಾನು ದಂಡೆಯಲ್ಲಿ ನಿಂತು, ಥಂಡಿಯಾಗುತ್ತದೆ, ಬಂಡೆ ಜಾರುತ್ತದೆ ಎಂದು ಬೊಬ್ಬೆ ಹೊಡೆಯುತ್ತಿದ್ದರೆ, ಅವ್ವ ಸೀರೆಯನ್ನು ಮೊಣಕಾಲ ತನಕ ಎತ್ತಿಕಟ್ಟಿಕೊಂಡು ನನ್ನನ್ನು ದಾಟಿ ನೀರಿಗೆ ಹೋದಳು.

ಮೇಲಿನಿಂದ ಊಟಕ್ಕೆ ಕರೆದರು. ಮತ್ತೆ ಕರೆದರು. ನೀರು ಬಿಟ್ಟು ಒಬ್ಬರೂ ಮೇಲೆ ಬರಲಿಲ್ಲ.